ಕೇರ್ ಆಫ್ ಪೇಟೆ

ಪೇಟೆಯಲ್ಲಿ ಹೆಚ್ಚು, ಹಳ್ಳಿಯಲ್ಲಿ ಕಡಿಮೆ. ಕ್ಯಾನ್ಸರಿನ ಬಗ್ಗೆ ಈ ಮಾತನ್ನು ನಮ್ಮೂರಿನವರಿಗಾಗಿ ಕನ್ನಡದಲ್ಲಿ ಬರೆದವಳು ನಾನು. ಬರೆಯುವಾಗ ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ ಎಂದರೆ ನಗಬೇಡಿ. ಆ ಒಂದು ಮಾತು ನಮ್ಮ ನೆರೆಮನೆಯ ಹೆಂಗಸಿನ ಜೀವಕ್ಕೆ ಹೇಗೆ ತಗಲಿಕೊಂಡಿತು ಎಂದು ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಕಾಸರಗೋಡಿನ ವಿದ್ಯಾನಗರದ ಒಂದು ಸರಕಾರಿ ಕಚೇರಿಯಲ್ಲಿ ಮಲಯಾಳದ ಕಾಗದಗಳನ್ನು ಕನ್ನಡಕ್ಕೆ ಮಾಡುವುದು ನನ್ನ ಕೆಲಸ. ಜಿಲ್ಲೆಯ ಬಡಗು ಭಾಗದಲ್ಲಿ ಕನ್ನಡ ಓದುವವರಿದ್ದಾರೆ, ಅವರಿಗೆ ನೋಟೀಸು, ಫಾರ್ಮು, ಕರಪತ್ರ ಎಲ್ಲ ಕನ್ನಡದಲ್ಲಿ ಸಿಗಬೇಕು. ಎಷ್ಟು ತಡವಾಗಿ ಸಿಗುತ್ತದೆ ಎಂದು ಮಾತ್ರ ಕೇಳಬೇಡಿ. ಕಟ್ಟಡ ತೆರಿಗೆಯಿಂದ ಹಿಡಿದು ಹುಚ್ಚುನಾಯಿ ಕಚ್ಚಿದರೆ ಏನು ಮಾಡಬೇಕು ಎಂಬಲ್ಲಿಯವರೆಗೆ ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತದೆ. ಮನೆಯಲ್ಲಿ ನಮ್ಮದು ತುಳು. ಈ ಬರಹದಲ್ಲಿ ಬರುವ ಮಾತುಗಳು ಹೆಚ್ಚಿನವೂ ತುಳುವಿನಲ್ಲಿ ಆಡಿದ್ದು, ಕೆಲವು ಮಲಯಾಳದಲ್ಲಿ. ನಮ್ಮ ಕಡೆಯ ಕನ್ನಡಕ್ಕೆ ತಂದದ್ದು ನಾನೇ, ಅಭ್ಯಾಸಬಲ.

ಮನೆ ಶಿರಿಯದಲ್ಲಿ, ಹೊಳೆ ಸಮುದ್ರ ಸೇರುವ ಕಡೆಗೆ. ನನಗೆ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಬೇಕಾದಷ್ಟು ಉತ್ತರ ಕೊಟ್ಟು ಸಾಕಾಗಿದೆ, ಈಗ ಕೇಳಿದವರನ್ನೇ ಬೈಯುತ್ತೇನೆ. ಅಣ್ಣ, ಅತ್ತಿಗೆ, ಅವರ ಒಬ್ಬಳೇ ಮಗಳು, ನಾನು, ಇಷ್ಟು ಜನ ಒಂದೇ ಮನೆಯಲ್ಲಿ. ಅಣ್ಣ ಗಲ್ಫಿನಿಂದ ಬಂದ ಮೇಲೆ ಪಿಕಪ್‌ನಲ್ಲಿ ಮೀನು ಸಾಗಿಸುತ್ತಾನೆ. ಅತ್ತಿಗೆ ಬೀಡಿ ಕಟ್ಟುತ್ತಾಳೆ. ಪಕ್ಕದ ಮನೆಯ ಹೆಂಗಸೂ ಬೀಡಿ ಕಟ್ಟುವವಳು, ಅವಳ ಗಂಡ ಬೋಟಿಗೆ ಹೋಗುವವನು. ಮಧ್ಯಾಹ್ನವಾದರೆ ಸಾಕು, ಅವಳು ಮೊರ ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಅತ್ತಿಗೆಯ ಪಕ್ಕ ಕೂರುತ್ತಾಳೆ. ಮೊರದಲ್ಲಿ ಹೊಗೆಸೊಪ್ಪಿನ ಪುಡಿ, ಕತ್ತರಿಸಿದ ಎಲೆ, ನೂಲಿನ ಉಂಡೆ. ಕೈ ಅದರ ಪಾಡಿಗೆ ಸುತ್ತುತ್ತಿರುತ್ತದೆ, ಬಾಯಿ ಅದರ ಪಾಡಿಗೆ. ಇಪ್ಪತ್ತು ವರ್ಷದಿಂದ ಹೀಗೇ. ಅತ್ತಿಗೆಗೆ ಅವಳು ತಂಗಿಗಿಂತ ಹೆಚ್ಚು.

ಮಳೆ ಶುರುವಾಗುವ ಮೊದಲು, ಮೇ ತಿಂಗಳ ಸೆಕೆಯಲ್ಲಿ, ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು ಒಂದು ಫೈಲು ಹಿಡಿದು ನನ್ನ ಮೇಜಿಗೆ ಬಂದಳು. ತೆಂಕಿನ ಕಡೆಯ ಹುಡುಗಿ, ಬುದ್ಧಿವಂತೆ, ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಾಳೆ. ಜಿಲ್ಲೆಯ ಪೇಟೆ ಮತ್ತು ಹಳ್ಳಿಗಳಲ್ಲಿ ಯಾರಿಗೆ ಎಷ್ಟು ಕ್ಯಾನ್ಸರ್ ಬರುತ್ತಿದೆ, ವರ್ಷದಿಂದ ವರ್ಷಕ್ಕೆ ಹೇಗೆ ಏರುತ್ತಿದೆ ಎಂದು ಅವಳು ಒಂದು ಪಟ್ಟಿ ಮಾಡಿದ್ದಳು. ಅದರ ಸಾರವನ್ನು ಹೆಂಗಸರ ಅಯಲ್ಕೂಟಗಳಲ್ಲಿ, ಅಂದರೆ ನೆರೆಕರೆಯ ಸಭೆಗಳಲ್ಲಿ, ಓದಿ ಹೇಳಲು ಒಂದು ಕರಪತ್ರ ಬೇಕಿತ್ತು. ಮಲಯಾಳದ್ದು ಸಿದ್ಧವಿತ್ತು. ಕನ್ನಡದ್ದು ನಾನು ಮಾಡಬೇಕು.

ಅರ್ಥವಾಗದೆ ಅನುವಾದ ಮಾಡುವವಳಲ್ಲ ನಾನು. ಕೂತು ವಿವರಿಸು ಎಂದೆ.

"ಪೇಟೆಯಲ್ಲಿ ಜನ ಹೆಚ್ಚು ಇದ್ದಾರೆ ಚೇಚಿ, ಹಾಗಾಗಿ ರೋಗಿಗಳೂ ಹೆಚ್ಚು. ಬರೇ ತಲೆ ಎಣಿಸಿದರೆ ಆಗುದಿಲ್ಲ. ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಅಂತ ನೋಡ್ಬೇಕು" ಎಂದಳು.

ಅದು ತಲೆಗೆ ಹೋಯಿತು. ದೊಡ್ಡ ಬುಟ್ಟಿಯಲ್ಲಿ ಹಾಳಾದ ಬಂಗುಡೆ ನಾಲ್ಕು ಹೆಚ್ಚು ಸಿಕ್ಕಿತೆಂದು ಇಡೀ ಬುಟ್ಟಿ ಕೆಟ್ಟದ್ದು ಎನ್ನಬಾರದು, ಅಷ್ಟೇ ತಾನೆ. ಆಮೇಲೆ ಅವಳು ವಯಸ್ಸಿನ ವಿಷಯ ತೆಗೆದಳು. ಈ ಕಾಯಿಲೆ ವಯಸ್ಸಾದವರಿಗೆ ಹೆಚ್ಚು, ಹಾಗಾಗಿ ಮುದುಕರು ತುಂಬಿದ ಊರನ್ನೂ ಮಕ್ಕಳು ತುಂಬಿದ ಊರನ್ನೂ ನೇರವಾಗಿ ಹೋಲಿಸುವಂತಿಲ್ಲ, ವಯಸ್ಸಿಗೆ ಹೊಂದಿಸಿ ಲೆಕ್ಕ ಹಾಕಬೇಕು ಎಂದಳು.

"ಅಲ್ಲ ಡಾಕ್ಟ್ರೇ, ನಮ್ಮೂರಿನ ಗಂಡಸರು ಅರ್ಧಕ್ಕರ್ಧ ಗಲ್ಫಿನಲ್ಲಿದ್ದಾರೆ. ರೇಷನ್ ಕಾರ್ಡಿನಲ್ಲಿ ಹೆಸರುಂಟು, ಮನೆಯಲ್ಲಿ ಜನ ಇಲ್ಲ. ಅವರನ್ನು ಎಲ್ಲಿ ಸೇರಿಸುದು? ಅಲ್ಲಿ ಬಂದ ಕಾಯಿಲೆ ಅಲ್ಲಿಯದ್ದಾ, ನಮ್ಮದಾ?"

"ಚೇಚಿ, ನೀವು ಪಿಎಚ್‌ಡಿ ಮಾಡಿ" ಎಂದು ನಕ್ಕಳು.

ನಗುವ ವಿಷಯವಲ್ಲ ಎಂದು ನನಗೆ ಸಿಟ್ಟು ಬಂತು. ಪಟ್ಟಿಯಲ್ಲಿ ಪೇಟೆಯ ಗೆರೆ ಮೇಲೆ ಮೇಲೆ ಹೋಗಿತ್ತು, ಕರಾವಳಿಯ ಹಳ್ಳಿಗಳ ಗೆರೆ ಕೆಳಗೆ ತೆವಳುತ್ತಿತ್ತು. ಪೇಟೆಯಲ್ಲಿ ಕಾಯಿಲೆ ಏರಿದ್ದೋ, ಪರೀಕ್ಷೆ ಮಾಡಿಸುವವರು ಏರಿದ್ದೋ ಎಂದು ಕೇಳಿದೆ. ಎರಡೂ ಇರಬಹುದು ಎಂದಳು. ಹಳ್ಳಿಯಲ್ಲಿ ಕಾಯಿಲೆ ಇಲ್ಲದ್ದೋ, ಇದ್ದದ್ದು ಗೊತ್ತಾಗದ್ದೋ ಎಂದು ಕೇಳಿದೆ. ಅದೂ ಹಾಗೇ ಎಂದಳು. ಹಾಗಾದರೆ ಈ ಪಟ್ಟಿಯಿಂದ ಗೊತ್ತಾಗುವುದು ಎಂತ ಮಾರಾಯ್ತಿ ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ನನಗಿಂತ ದೊಡ್ಡ ಹುದ್ದೆಯವಳು.

ಹೋಗುವ ಮೊದಲು ಅವಳು ಇನ್ನೊಂದು ಕಾಗದ ತೋರಿಸಿದಳು. ಪಟ್ಟಿಗೆ ಆಧಾರವಾದ ವಿಳಾಸಗಳು, ಹೆಸರು ತೆಗೆದುಹಾಕಿದ್ದು. "ಇಲ್ಲಿ ನೋಡಿ, ಪೇಟೆಯಲ್ಲಿ ಇಷ್ಟೊಂದು ಕೇರ್ ಆಫ್ ಯಾಕೆ? ಪೇಟೆಯವರು ಎಲ್ಲ ಬಾಡಿಗೆಗೆ ಇರುದಾ?"

ನಾನು ಬೆರಳಿಟ್ಟು ನೋಡುತ್ತಾ ಹೋದೆ. ಒಂದು ಕಡೆ ಬೆರಳು ನಿಂತಿತು. ಕಾಸರಗೋಡು ಪೇಟೆಯಲ್ಲಿರುವ ನಮ್ಮ ಚಿಕ್ಕಮ್ಮನ ಮನೆ. ಕೇರ್ ಆಫ್ ಎಂದಿತ್ತು. ಅದು ನನ್ನ ಅತ್ತಿಗೆ.

ಅದಕ್ಕೆ ಒಂದು ವರ್ಷ ಹಿಂದೆ ಅತ್ತಿಗೆಯ ಎಡ ಎದೆಯಲ್ಲಿ ಗಂಟು ಸಿಕ್ಕಿತ್ತು. ಮಂಗಳೂರಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಕೌಂಟರಿನಲ್ಲಿ ಫಾರ್ಮು ತುಂಬಿಸಲು ಹೇಳಿದಾಗ ಅಣ್ಣ ನನ್ನ ಕೈ ಹಿಡಿದ. "ನಮ್ಮ ಮನೆಯದ್ದು ಬರೀಬೇಡ. ಚಿಕ್ಕಮ್ಮನದ್ದು ಹಾಕು" ಎಂದ. ನಮ್ಮಲ್ಲಿ ಹಾಗೆ. ಊರಿನ ವಿಳಾಸ ಕೊಟ್ಟರೆ ಅದು ಹೇಗೋ ನಮ್ಮ ಪಂಚಾಯತಿಗೆ ಬರುತ್ತದೆ, ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ದೊಡ್ಡ ಕಾಯಿಲೆಯವರನ್ನು ಮನೆಗೇ ಬಂದು ನೋಡುವ ಪಾಲಿಯೇಟಿವ್ ನರ್ಸಿನ ಜೀಪು ಅಂಗಳದಲ್ಲಿ ನಿಲ್ಲುತ್ತದೆ. ಆ ಜೀಪು ನಿಂತ ಮನೆಯ ಹುಡುಗಿಯನ್ನು ಕೇಳಿಕೊಂಡು ಯಾರೂ ಬರುವುದಿಲ್ಲ, ತಾಯಿಗೆ ಇದ್ದದ್ದು ಮಗಳಿಗೂ ಬರುತ್ತದೆ ಎನ್ನುತ್ತಾರೆ. ಪೇಟೆಯಲ್ಲಿ ಯಾರ ಗೇಟಿನ ಎದುರು ಯಾವ ಜೀಪು ನಿಂತರೂ ತಿರುಗಿ ನೋಡುವವರಿಲ್ಲ. ಹಾಗಾಗಿ ಊರಿನ ಎಷ್ಟೋ ಮನೆಯವರಿಗೆ ಈ ಒಂದು ಕಾಯಿಲೆಯ ಮಟ್ಟಿಗೆ ಪೇಟೆಯಲ್ಲಿ ಒಬ್ಬ ಚಿಕ್ಕಮ್ಮ, ಒಬ್ಬ ಮಾವ ಇದ್ದೇ ಇರುತ್ತಾರೆ. ಫಾರ್ಮು ತುಂಬಿದವಳು ನಾನು. ಅಕ್ಷರ ಚಂದ ಉಂಟೆಂದು ಎಲ್ಲರೂ ನನಗೇ ಕೊಡುತ್ತಾರೆ.

ಆಪರೇಷನ್ ಆಯಿತು, ಎದೆ ತೆಗೆದರು, ಕೀಮೋ ಆಯಿತು. ಅಷ್ಟೂ ತಿಂಗಳು ಅತ್ತಿಗೆ ಚಿಕ್ಕಮ್ಮನ ಮನೆಯಲ್ಲಿದ್ದಳು. ಊರಿನಲ್ಲಿ ನಾವು ಹೇಳಿದ್ದು, ಚಿಕ್ಕಮ್ಮನಿಗೆ ಸೊಂಟ ಬಿದ್ದಿದೆ, ನೋಡಿಕೊಳ್ಳಲು ಹೋಗಿದ್ದಾಳೆ ಎಂದು. ಚಿಕ್ಕಮ್ಮ ಗಟ್ಟಿಮುಟ್ಟಾಗಿ ಮಾರುಕಟ್ಟೆಗೆ ಹೋಗಿಬರುತ್ತಿದ್ದಳು, ಪಾಪ. ವಾಪಸು ಬಂದಾಗ ಅತ್ತಿಗೆಯ ತಲೆಯಲ್ಲಿ ಕೂದಲು ಗಿಡ್ಡ ಇತ್ತು. ಹೇನು ಆಗಿ ಕತ್ತರಿಸಿದ್ದು ಎಂದಳು. ಎಡಗೈ ಊದಿಕೊಂಡಿತ್ತು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದು ಎಂದಳು. ನೆರೆಮನೆಯವಳು ಅದನ್ನು ನಂಬಿ, ವಾರಕ್ಕೆರಡು ಸಲ ಎಣ್ಣೆ ಬೆಚ್ಚಗೆ ಮಾಡಿ ತಂದು ಆ ಕೈಯನ್ನು ತಿಕ್ಕಿಕೊಡುತ್ತಿದ್ದಳು.

ಇದೆಲ್ಲ ನನ್ನ ಬೆರಳ ತುದಿಯಲ್ಲಿತ್ತು. ಡಾಕ್ಟರು ಕಾಯುತ್ತಿದ್ದಳು. "ಬಾಡಿಗೆಯವರೇ ಇರ್ಬೇಕು" ಎಂದೆ.

ಮಲಯಾಳದ ಕರಪತ್ರದ ಕೊನೆಯಲ್ಲಿ ಒಂದು ಪ್ಯಾರಾ ಇತ್ತು. ಇದು ದಾಖಲಾದವರ ಲೆಕ್ಕ ಮಾತ್ರ, ಹಳ್ಳಿಗಳಲ್ಲಿ ಪರೀಕ್ಷೆ ಮಾಡಿಸದವರು, ಬೇರೆ ವಿಳಾಸ ಕೊಟ್ಟವರು ಇರಬಹುದು, ಹಾಗಾಗಿ ಹಳ್ಳಿಯವರು ನಿಶ್ಚಿಂತೆಯಾಗಿ ಕೂರಬಾರದು ಎಂದು. ನಾನು ಅದನ್ನು ಬಿಟ್ಟೆ. ಕನ್ನಡದಲ್ಲಿ ಹಾಕಿದಾಗ ಕಾಗದದ ಒಂದು ಮಗ್ಗುಲಿಗೆ ಹಿಡಿಯಲಿಲ್ಲ, ಪ್ರೆಸ್ಸಿನವರಿಗೆ ಒಂದು ಮಗ್ಗುಲು ಎಂದೇ ಹೇಳಿಯಾಗಿತ್ತು, ಅಕ್ಷರ ಸಣ್ಣ ಮಾಡಿದರೆ ನಮ್ಮ ಹೆಂಗಸರಿಗೆ ಕಾಣುವುದಿಲ್ಲ. ಇದು ಒಂದು ಕಾರಣ. "ಬೇರೆ ವಿಳಾಸ ಕೊಟ್ಟವರು" ಎಂಬ ಮಾತು ಓದಿದಾಗ ಚಿಕ್ಕಮ್ಮನ ಮನೆ ಕಣ್ಣೆದುರು ಬಂದದ್ದು ಇನ್ನೊಂದು ಕಾರಣ. ಯಾವುದು ದೊಡ್ಡ ಕಾರಣ ಎಂದು ನನ್ನನ್ನೇ ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಡಾಕ್ಟರಿಗೆ ಕನ್ನಡ ಓದಲು ಬರುವುದಿಲ್ಲ, ಚಂದ ಕಾಣುತ್ತದೆ ಎಂದು ಸಹಿ ಹಾಕಿದಳು.

ಜೂನಿನಲ್ಲಿ ಒಂದು ಭಾನುವಾರ ನಮ್ಮ ಕಡೆಯ ಅಯಲ್ಕೂಟ. ಒಂದು ಮನೆಯ ಚಾವಡಿಯಲ್ಲಿ ಹೆಂಗಸರು ಸೇರಿದ್ದರು, ಹೊರಗೆ ಜೋರು ಮಳೆ. ಕರಪತ್ರ ನಾನೇ ಮಾಡಿದ್ದೆಂದು ಗೊತ್ತಿದ್ದರಿಂದ ನನ್ನನ್ನೇ ಓದಲು ಹೇಳಿದರು. ಓದಿದೆ. ನನ್ನ ಕನ್ನಡ ಕೇಳಲು ಚೆನ್ನಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೆಮ್ಮೆಯಿಂದಲೇ ಓದಿದೆ. ಪೇಟೆಯಲ್ಲಿ ಹೆಚ್ಚು, ಹಳ್ಳಿಯಲ್ಲಿ ಕಡಿಮೆ ಎಂಬಲ್ಲಿಗೆ ಬಂದಾಗ ಚಾವಡಿಯಲ್ಲಿ ಒಂದು ಖುಷಿ ಹಬ್ಬಿತು.

"ನಾನು ಹೇಳ್ಲಿಲ್ವಾ? ಪೇಟೆಯವರು ತಿನ್ನುದು ಹಾಗೆ ಉಂಟು. ದಿನಾ ಹೋಟ್ಲು" ಎಂದಳು ಒಬ್ಬಳು.

"ಮತ್ತೆ ಗುಡ್ಡದ ಮೇಲೆ ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ವಿಷದ ಮದ್ದು ಬಿಟ್ಟ ಊರಿನವರಿಗೆ. ನಮಗೆ ಇಲ್ಲಿ ಉಪ್ಪಿನ ಗಾಳಿ, ತಾಜಾ ಮೀನು. ಎಂತ ಬರ್ಲಿಕ್ಕೆ ಉಂಟು?" ಎಂದಳು ಇನ್ನೊಬ್ಬಳು.

ಅತ್ತಿಗೆ ಮೂಲೆಯಲ್ಲಿ ಸೆರಗು ಬಿಗಿ ಮಾಡಿ ಕೂತಿದ್ದಳು, ನನ್ನ ಮುಖ ನೋಡಲಿಲ್ಲ. ನೆರೆಮನೆಯವಳು ಅವಳ ಪಕ್ಕದಲ್ಲೇ ಇದ್ದಳು. "ಸಣ್ಣಕ್ಕಾ, ಈ ಕಾಗದ ಸರಕಾರದ್ದೇ ಅಲ್ವಾ?" ಎಂದು ನನ್ನನ್ನು ಕೇಳಿದಳು. ಅತ್ತಿಗೆಯನ್ನು ಅವಳು ಅಕ್ಕ ಎನ್ನುವುದರಿಂದ ನಾನು ಸಣ್ಣಕ್ಕ. ಹೌದು, ಸರಕಾರದ್ದೇ ಎಂದೆ. ಆಮೇಲೆ ಚಹಾ ಬಂತು.

ಓಣಂ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಮೀನು ಕೊಯ್ಯುತ್ತಾ ಕೂತವಳು ಕತ್ತಿ ಕೆಳಗಿಟ್ಟಳು. "ನಿನಗೊಂದು ಹೇಳ್ಬೇಕು. ನಿನ್ನೆ ನನ್ನ ಕೈಗೆ ಎಣ್ಣೆ ತಿಕ್ತಾ ಅವಳು ಹೇಳಿದ್ಳು. ಅವಳ ಎದೆಯಲ್ಲಿ ಗಂಟು ಉಂಟಂತೆ. ನನ್ನ ಕೈ ತೆಗ್ದು ಇಟ್ಟು ತೋರ್ಸಿದ್ಳು. ನನಗೆ ಗೊತ್ತಾಗುದಿಲ್ವಾ ಮಾರಾಯ್ತಿ, ಅದೇ ಗಟ್ಟಿ, ಅದೇ."

"ನೀನೆಂತ ಹೇಳಿದೆ?"

"ಆಸ್ಪತ್ರೆಗೆ ಹೋಗು ಅಂತ ಹೇಳ್ದೆ. ಹಳ್ಳಿಯವರಿಗೆ ಅದೆಲ್ಲ ಬರುದಿಲ್ಲಕ್ಕಾ, ಸಣ್ಣಕ್ಕ ಓದಿದ್ದು ಕೇಳ್ಲಿಲ್ವಾ ಅಂತ ನನಗೇ ಬುದ್ಧಿ ಹೇಳಿದ್ಳು."

ಆ ಸಂಜೆ ಬಸ್ಸಿಳಿದು ಸೀದಾ ಅವಳ ಮನೆಗೆ ಹೋದೆ. ಅವಳು ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕಾದ ಕಟ್ಟುಗಳನ್ನು ಜೋಡಿಸುತ್ತಿದ್ದಳು. ಅಲ್ಲಿ ಇಲ್ಲಿ ಮಾತಾಡಿ, ಒಂದು ಸಲ ಮಂಗಳೂರಿಗೆ ಹೋಗಿ ತೋರಿಸಿ ಬರುವ, ನಾನು ರಜೆ ಹಾಕುತ್ತೇನೆ ಎಂದೆ.

"ಯಾಕೆ ಸಣ್ಣಕ್ಕಾ ಸುಮ್ನೆ ಮಂಡೆಬಿಸಿ? ಕೂತು ಕೂತು ನೀರು ಕಟ್ಟಿದ್ದು. ಬೀಡಿಯವರಿಗೆ ಎಲ್ಲ ಇದ್ದದ್ದೇ. ನಮ್ಮೂರಲ್ಲಿ ಯಾರಿಗೆ ಉಂಟು ಹೇಳಿ? ಒಬ್ಬರ ಹೆಸ್ರು ಹೇಳಿ ನೋಡುವ."

ಒಬ್ಬರ ಹೆಸರು. ನಮ್ಮ ಮನೆಯ ಗೋಡೆ ಅವಳ ಅಡಿಗೆಮನೆಯಿಂದ ಕಾಣುತ್ತದೆ.

"ಕಾಗದದಲ್ಲಿ ಬರೆದದ್ದು ಎಲ್ಲ ಹಾಗೇ ಅಂತ ಅಲ್ಲ" ಎಂದೆ.

"ಹಾಗಾದ್ರೆ ನೀವು ಓದಿದ್ದು ಸುಳ್ಳಾ?"

ಸುಳ್ಳು ಎನ್ನಲು ನನಗೆ ಆಗಲಿಲ್ಲ, ನಿಜ ಎನ್ನಲೂ ಆಗಲಿಲ್ಲ. ಯಾಕೆಂದರೆ ಪಟ್ಟಿ ಸುಳ್ಳಲ್ಲ. ಚಿಕ್ಕಮ್ಮನ ಮನೆಯಂಥ ಕೇರ್ ಆಫ್‌ಗಳನ್ನೆಲ್ಲ ತೆಗೆದು ಹಳ್ಳಿಗೆ ಹಾಕಿದರೂ ಪೇಟೆಯೇ ಮೇಲಿರಬಹುದು. ಇಲ್ಲದಿರಲೂಬಹುದು. ಲಕ್ಷ ಜನರ ಲೆಕ್ಕ ಅದು. ನನ್ನ ಎದುರು ಕೂತವಳು ಒಬ್ಬಳು, ಅವಳಿಗೆ ಇದ್ದರೆ ಪೂರ್ತಿ ಉಂಟು, ಇಲ್ಲದಿದ್ದರೆ ಪೂರ್ತಿ ಇಲ್ಲ. ಇದನ್ನು ಅವಳಿಗೆ ಹೇಗೆ ಹೇಳುವುದು ಎಂದು ತಲೆಬುಡ ತಿಳಿಯದೆ, ಕೊಟ್ಟ ಚಹಾ ಕುಡಿದು ಮನೆಗೆ ಬಂದೆ.

ಅಣ್ಣನಲ್ಲಿ ಜಗಳ ಆಡಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಊರಿಗೆಲ್ಲ ಗೊತ್ತು. ಅತ್ತಿಗೆ ತನ್ನದನ್ನು ಹೇಳಿದರೆ ಅವಳು ನಾಳೆಯೇ ಹೊರಡುತ್ತಾಳೆ, ಒಂದು ಮಾತು ಸಾಕು ಎಂದೆ. ಅಣ್ಣನ ಮಗಳಿಗೆ, ಅಂದರೆ ನನ್ನ ಸೊಸೆಗೆ, ಆಗ ಮಂಜೇಶ್ವರದ ಕಡೆಯ ಒಂದು ಸಂಬಂಧ ಕುದುರುತ್ತಿತ್ತು, ದೀಪಾವಳಿ ಕಳೆದು ನಿಶ್ಚಿತಾರ್ಥ ಎಂದು ಮಾತಾಗಿತ್ತು.

"ಆ ಹೆಂಗಸಿನ ಬಾಯಿಗೆ ಹೋದ್ರೆ ಬೀಡಿ ಬ್ರಾಂಚಿಗೆ ಹೋಯ್ತು, ಬ್ರಾಂಚಿಗೆ ಹೋದ್ರೆ ಮಂಜೇಶ್ವರಕ್ಕೆ ಹೋಯ್ತು" ಎಂದ ಅಣ್ಣ. "ನಿಶ್ಚಿತಾರ್ಥ ಒಂದು ಆಗ್ಲಿ. ಎರಡು ತಿಂಗಳಲ್ಲಿ ಎಂತ ಆಗ್ತದೆ?"

"ಎಂತ ಆಗ್ತದೆ ಅಂತ ನಿನಗೆ ಗೊತ್ತಿಲ್ವಾ? ನಿನ್ನ ಹೆಂಡತಿಗೆ ಡಾಕ್ಟ್ರು ಎರಡು ವಾರ ಕೊಟ್ಟಿದ್ರಾ?"

ಅವನು ಹೇಳಿದ, "ನನ್ನ ಮಗಳೂ ನಿನ್ನ ಹಾಗೆ ಮನೆಯಲ್ಲಿ ಕೂರ್ಬೇಕಾ?"

ಆ ಮಾತು ನನಗೆ ತುಂಬಾ ನೋವಾಯಿತು. ಬಾಗಿಲು ಹಾಕಿ ಅತ್ತೆ. ನಾಚಿಕೆಯ ವಿಷಯ ಏನೆಂದರೆ, ಆಮೇಲೆ ನಾನೂ ಅವನ ಹಾಗೆಯೇ ಯೋಚಿಸತೊಡಗಿದೆ. ಎರಡು ತಿಂಗಳು ತಾನೆ. ನೀರು ಕಟ್ಟಿದ್ದೇ ಇರಬಹುದು. ಬೇರೆ ಏನೋ ನೆಪದಲ್ಲಿ ಕರೆದುಕೊಂಡು ಹೋದರಾಯಿತು. ಅತ್ತಿಗೆಯ ಊಟ ಮಾತ್ರ ಕಡಿಮೆಯಾಯಿತು.

ಕಚೇರಿಯಲ್ಲಿ ಒಂದು ದಿನ ಡಾಕ್ಟರ ಕೋಣೆಗೆ ಹೋಗಿ, "ಒಬ್ಬರು ಪೇಟೆಯ ವಿಳಾಸ ಕೊಟ್ಟಿದ್ದಾರೆ, ನಿಜಕ್ಕೂ ಇರುದು ಹಳ್ಳಿಯಲ್ಲಿ ಅಂತಾದ್ರೆ ಎಂತ ಮಾಡುದು?" ಎಂದು ಕೇಳಿದೆ.

ಅವಳು ಪೆನ್ನು ತೆಗೆದುಕೊಂಡಳು. "ಯಾರು ಚೇಚಿ? ಹೇಳಿ, ತಿದ್ದುವ. ಬೇಕಾದ್ರೆ ಕರಪತ್ರವನ್ನೂ ತಿದ್ದಿ ಬೇರೆ ಪ್ರಿಂಟ್ ಮಾಡಿಸುವ."

"ಇಲ್ಲ, ಸುಮ್ನೆ ಕೇಳಿದೆ" ಎಂದೆ.

ಅವಳು ಪೆನ್ನು ಹಿಡಿದೇ ನನ್ನನ್ನು ನೋಡಿದಳು. ನಾನು ಬೇರೆ ಯಾವುದೋ ಫೈಲಿನ ವಿಷಯ ತೆಗೆದು ಹೊರಗೆ ಬಂದೆ. ಅಷ್ಟು ಸುಲಭವಿತ್ತು, ಒಂದು ಹೆಸರು. ಆದರೆ ಆ ಹೆಸರು ನನ್ನದಲ್ಲವಲ್ಲ, ಕೊಡಲು ನನಗೆ ಹಕ್ಕುಂಟೇ? ಕೊಡದಿರಲು ಹಕ್ಕುಂಟೇ? ಹೆದ್ದಾರಿಯ ಕೆಲಸದಿಂದ ಬಸ್ಸು ಅರ್ಧ ಗಂಟೆ ಒಂದೇ ಕಡೆ ನಿಂತಿತ್ತು ಆ ದಿನ, ನಾನೂ ಈ ಎರಡು ಪ್ರಶ್ನೆಗಳ ನಡುವೆ ಹಾಗೇ ನಿಂತಿದ್ದೆ.

ದೀಪಾವಳಿಗೆ ಇನ್ನೂ ಹತ್ತು ದಿನ ಇತ್ತು. ಶನಿವಾರ, ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ನೆರೆಮನೆಯವಳು ಎಣ್ಣೆಯ ತಟ್ಟೆ ಹಿಡಿದು ಬಂದಳು. ಅತ್ತಿಗೆಯ ಕೈ ತಿಕ್ಕಲು ಶುರುಮಾಡಿದವಳು, ಎರಡು ಸಲ ತಿಕ್ಕಿ ಅಯ್ಯೋ ಎಂದು ತನ್ನ ಕಂಕುಳು ಒತ್ತಿ ಹಿಡಿದಳು. ಕೈ ಎತ್ತಲು ಆಗುವುದಿಲ್ಲ, ಎರಡು ವಾರದಿಂದ ಆ ಮಗ್ಗುಲಲ್ಲಿ ಮಲಗಲೂ ಆಗುವುದಿಲ್ಲ ಎಂದಳು. ಆದರೂ ಇನ್ನೊಂದು ಕೈಯಿಂದ ತಿಕ್ಕುತ್ತೇನೆ ಎಂದಳು.

ಅತ್ತಿಗೆ ಎದ್ದಳು. "ಒಳಗೆ ಬಾ" ಎಂದಳು. ಹೆದರಿ ನಾನೂ ಹಿಂದಿನಿಂದ ಹೋದೆ. ಕೋಣೆಯಲ್ಲಿ ಅತ್ತಿಗೆ ಸೆರಗು ತೆಗೆದಳು, ರವಕೆಯ ಗುಂಡಿ ಬಿಚ್ಚಿದಳು, ಒಳಗಿಟ್ಟಿದ್ದ ಬಟ್ಟೆಯ ಉಂಡೆಯನ್ನು ತೆಗೆದು ಮಂಚದ ಮೇಲೆ ಇಟ್ಟಳು. ಎಡಗಡೆ ಚಪ್ಪಟೆ, ಅಡ್ಡಕ್ಕೆ ಹೊಲಿಗೆಯ ಗುರುತು.

"ಒಬ್ಬರ ಹೆಸ್ರು ಕೇಳಿದ್ಯಲ್ಲ ಇವಳಲ್ಲಿ. ನಾನು" ಎಂದಳು.

ನೆರೆಮನೆಯವಳು ನೋಡುತ್ತಾ ನಿಂತಳು. ಹೆದರಿಕೆಯಿಂದ ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ಬಾವಿಕಟ್ಟೆಯಲ್ಲಿ ಬಿದ್ದದ್ದು ಅಂತ ಹೇಳಿದ್ರಿ. ಒಂದು ವರ್ಷ ನಾನು ಈ ಕೈ ತಿಕ್ಕಿದ್ದೇನೆ. ನಿಮ್ಮ ಮಗಳಿಗೆ ನಾನು ಶತ್ರುವಾ ಅಕ್ಕಾ? ನಾನು ಹೋಗಿ ಯಾರಲ್ಲಿ ಹೇಳ್ತಿದ್ದೆ?"

"ಯಾರಲ್ಲೂ ಹೇಳ್ತಿರ್ಲಿಲ್ಲ" ಎಂದಳು ಅತ್ತಿಗೆ. "ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳ್ಲಿಲ್ಲ. ತಪ್ಪಾಯ್ತು."

ಆಗ ಇಬ್ಬರೂ ಅತ್ತರು, ಮಂಚದ ಮೇಲೆ ಕೂತು, ಒಬ್ಬರನ್ನೊಬ್ಬರು ಹಿಡಿದುಕೊಂಡು. ನನ್ನನ್ನು ಯಾರೂ ಹಿಡಿದುಕೊಳ್ಳಲಿಲ್ಲ, ನಾನು ಬಾಗಿಲ ಹತ್ತಿರ ನಿಂತಿದ್ದೆ. ಸಂಜೆ ಅಣ್ಣನಿಗೆ ಅತ್ತಿಗೆಯೇ ಹೇಳಿದಳು. ಅವನು ಕೂಗಾಡಿದ, ಎಲ್ಲ ಹಾಳುಮಾಡಿದೆ, ಲಗಾಡಿ ತೆಗೆದೆ ಎಂದ, ಆಮೇಲೆ ಹೊರಗೆ ಹೋಗಿ ಪಿಕಪ್ ತೊಳೆಯುತ್ತಾ ಕೂತ. ನಿಶ್ಚಿತಾರ್ಥ ಹೇಳಿದ ದಿನವೇ ಆಯಿತು. ಹುಡುಗನ ಮನೆಯವರಿಗೆ ವಿಷಯ ಗೊತ್ತಾಗಿಯೂ ಒಪ್ಪಿದ್ದೋ, ಗೊತ್ತಾಗದೆ ಒಪ್ಪಿದ್ದೋ, ನನಗೆ ಇನ್ನೂ ತಿಳಿದಿಲ್ಲ. ಸೊಸೆಯಲ್ಲಿ ಕೇಳಿದರೆ, "ಅತ್ತೇ, ನೀವು ಸುಮ್ನೆ ಇರಿ" ಎನ್ನುತ್ತಾಳೆ.

ನೆರೆಮನೆಯವಳನ್ನು ಸೋಮವಾರವೇ ಮಂಗಳೂರಿಗೆ ಕರೆದುಕೊಂಡು ಹೋದೆವು. ಬಸ್ಸಿನಲ್ಲಿ ಅತ್ತಿಗೆ ಅವಳ ಪಕ್ಕ ಕೂತಳು, ನಾನು ಹಿಂದಿನ ಸೀಟಿನಲ್ಲಿ. ಗಡಿಯ ತಲಪಾಡಿ ದಾಟುವವರೆಗೂ ಅತ್ತಿಗೆ ಕೀಮೋದ ವಿಷಯ ಹೇಳುತ್ತಿದ್ದಳು, ಯಾವ ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತದೆ, ಬಾಯಿ ಹುಣ್ಣಾದರೆ ಏನು ಮಾಡಬೇಕು. ಇನ್ನೂ ಪರೀಕ್ಷೆಯೇ ಆಗದ ಕಾಯಿಲೆಗೆ ಅಷ್ಟು ಮುಂದಿನ ಮಾತು ಯಾಕೆ ಎಂದು ನನಗೆ ಸಿಟ್ಟು. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಅಲ್ಲಿ ಮುಟ್ಟಿ ನೋಡಿದರು, ಸೂಜಿ ಚುಚ್ಚಿ ತೆಗೆದರು, ಸ್ಕ್ಯಾನು ಮಾಡಿಸಿದರು, ಮುಂದಿನ ವಾರ ಬನ್ನಿ ಎಂದರು.

ಮುಂದಿನ ವಾರ ಹೋದಾಗ ರಿಪೋರ್ಟು ಬಂದಿತ್ತು. ದೊಡ್ಡ ಡಾಕ್ಟರು ವಯಸ್ಸಾದವರು, ಕನ್ನಡದವರೇ, ಮೆತ್ತಗೆ ಮಾತಾಡುವವರು. ಅದೇ ಕಾಯಿಲೆ ಎಂದರು. ಕಂಕುಳಿಗೆ ಹೋಗಿದೆ, ಶ್ವಾಸಕೋಶದಲ್ಲೂ ಏನೋ ಕಾಣುತ್ತದೆ, ಮದ್ದು ಉಂಟು, ಶುರುಮಾಡುವ, ಆದರೆ ಪೂರ್ತಿ ವಾಸಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ ಎಂದರು. ಅತ್ತಿಗೆಯ ಸಲ ಅವರು ಹಾಗೆ ಹೇಳಿರಲಿಲ್ಲ. ಅತ್ತಿಗೆ ನೆರೆಮನೆಯವಳ ಕೈ ಹಿಡಿದಿದ್ದಳು.

"ಗಂಟು ಇದೆ ಅಂತ ನಿಮಗೆ ಗೊತ್ತಾಗಿ ಎಷ್ಟು ಸಮಯ ಆಯ್ತಮ್ಮಾ?" ಎಂದು ಡಾಕ್ಟರು ಕೇಳಿದರು. ಓಣಂ ಹೊತ್ತಿಗೆ ಎನ್ನುತ್ತಾಳೆ ಎಂದುಕೊಂಡೆ, ನಮಗೆ ಹೇಳಿದ್ದು ಆಗ.

"ಮಳೆಗಿಂತ ಮೊದ್ಲು ಡಾಕ್ಟ್ರೇ. ವಿಷು ಕಳೆದು ಸ್ವಲ್ಪ ದಿನದಲ್ಲಿ."

"ಆಗಲೇ ಯಾಕೆ ಬರ್ಲಿಲ್ಲ?"

"ಬರ್ಲಿಕ್ಕೆ ಹೊರಟಿದ್ದೆ" ಎಂದಳು. "ಜೂನಿನಲ್ಲಿ. ಸೋಮವಾರ ಬರುದು ಅಂತ ಬ್ರಾಂಚಿನಲ್ಲಿ ಹೇಳಿ ಆಗಿತ್ತು. ಉಡ್ಲಿಕ್ಕೆ ಸೀರೆ ತೆಗೆದಿಟ್ಟಿದ್ದೆ. ಭಾನುವಾರ ನಮ್ಮ ಕೂಟದಲ್ಲಿ ಸಣ್ಣಕ್ಕ ಸರಕಾರದ ಕಾಗದ ಓದಿದ್ರು, ಹಳ್ಳಿಯವರಿಗೆ ಅದು ಕಡಿಮೆ ಅಂತ. ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತುಂಟಾ ಡಾಕ್ಟ್ರೇ! ಮನೆಗೆ ಬಂದು ಸೀರೆ ಮಡಚಿ ಪೆಟ್ಟಿಗೆಗೆ ಹಾಕಿದೆ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಆ ದಿನದ ಸಮಾಧಾನ ನೆನಪಾಗಿ ಅವಳ ಮುಖದಲ್ಲಿ ಸ್ವಲ್ಪ ನಗು ಕೂಡ ಇತ್ತು. ಡಾಕ್ಟರು ಅವಳನ್ನು ಬಿಟ್ಟು ನನ್ನ ಕಡೆ ನೋಡಿದರು.

"ಅದೆಂತ ಕಾಗದ?" ಎಂದು ಕೇಳಿದರು.

"ನಾನು ಬರೆದದ್ದು" ಎಂದೆ.